ಇಳಿಜಾರು ಜಾಗಕ್ಕೆ ರೆಡಿಮೇಡ್ ಕಾಂಪೌಂಡ್: ಮೆಟ್ಟಿಲು ಮೆಟ್ಟಿಲಾಗಿ ಹಾಕುವುದಾ, ಬೇರೆ ದಾರಿ ಇದೆಯಾ?

ತುಂಗಾತೀರ

ಎಲ್ಲರಿಗೂ ನಮಸ್ಕಾರ. ಕೊಪ್ಪದ ಹತ್ತಿರ ನಮ್ಮದು 20 ಗುಂಟೆ ಜಾಗ ಇದೆ. ಮೇಲೆ ರಸ್ತೆ, ಅದರ ಕೆಳಗೆ ಮನೆ, ಮನೆಯ ಕೆಳಗೆ ಒಂದಿಷ್ಟು ಅಡಿಕೆ, ಬಾಳೆ, ಅದರಾಚೆ ಹಳ್ಳ. ಎಡಗಡೆಯ ಗಡಿ ರಸ್ತೆಯಿಂದ ಹಳ್ಳದ ಕಡೆಗೆ ಸೀದಾ ಇಳಿಯುತ್ತದೆ, ಸುಮಾರು 120 ಅಡಿ. ಹಳೆಯ ಬೇಲಿ ಪೂರ್ತಿ ಹಾಳಾಗಿದೆ. ಕಾಡುಹಂದಿ ಬಂದು ಬಾಳೆ ಬುಡ ಎಲ್ಲ ಅಗೆದು ಹಾಕುತ್ತಿವೆ. ಹಾಗಾಗಿ ಈ ಸಲ ಸಿಮೆಂಟ್ ಕಂಬ ನಿಲ್ಲಿಸಿ ನಡುವೆ ಸ್ಲ್ಯಾಬ್ ಇಳಿಸುವ ರೆಡಿಮೇಡ್ ಕಾಂಪೌಂಡ್ ಹಾಕಿಸೋಣ ಅಂತ ಅಪ್ಪ ಹೇಳುತ್ತಿದ್ದಾರೆ. 5 ಅಡಿ ಎತ್ತರ ಸಾಕು.

ಇಬ್ಬರು ಬಂದು ನೋಡಿ ಹೋದರು. ಒಬ್ಬರು ಮೆಟ್ಟಿಲು ಮೆಟ್ಟಿಲಾಗಿ ಹಾಕುತ್ತೇವೆ ಅಂದರು. ಇನ್ನೊಬ್ಬರು ಜೆಸಿಬಿ ತಂದು ಗಡಿಯುದ್ದಕ್ಕೂ ಮಟ್ಟ ಮಾಡಿಬಿಡೋಣ, ಆಮೇಲೆ ಸುಲಭ ಅಂದರು. ಇಬ್ಬರೂ ಇಳಿಜಾರು ಎಷ್ಟಿದೆ ಅಂತ ಅಳೆಯಲಿಲ್ಲ, ಅಡಿಗಿಷ್ಟು ಅಂತ ರೇಟು ಮಾತ್ರ ಹೇಳಿದರು. ಯಾವುದು ಸರಿ? ಮಲೆನಾಡಿನ ಮಳೆಗೆ ಇದು ನಿಲ್ಲುತ್ತದಾ? ಮಾಡಿಸಿದವರು, ಮಾಡುವವರು ದಯವಿಟ್ಟು ಹೇಳಿ.

ಕಂಬದ ಕೆಲಸ

ನಾನು ತೀರ್ಥಹಳ್ಳಿ ಕಡೆ ಇದೇ ಕೆಲಸ ಮಾಡಿಸುತ್ತೇನೆ. ಮೊದಲು ಜೆಸಿಬಿ ಮಾತು ಬಿಡಿ. ಗಡಿಯುದ್ದಕ್ಕೂ ಮಟ್ಟ ಮಾಡುವುದು ಅಂದರೆ ಒಂದು ಕಡೆ ಧರೆ, ಅಂದರೆ ಕಡಿದಾದ ಮಣ್ಣಿನ ದಂಡೆ, ಕಡಿಯಬೇಕು, ಇನ್ನೊಂದು ಕಡೆ ಮಣ್ಣು ತುಂಬಬೇಕು. ಕಡಿದ ಧರೆ ಮಳೆಗೆ ಜರಿಯುತ್ತದೆ. ತುಂಬಿದ ಮಣ್ಣು ಕೂರುತ್ತದೆ, ಅದರಲ್ಲಿ ನಿಲ್ಲಿಸಿದ ಕಂಬ ವಾಲುತ್ತದೆ. ಪಕ್ಕದವರ ಜಾಗಕ್ಕೆ ನಿಮ್ಮ ಮಣ್ಣು ಹೋದರೆ ಜಗಳ ಬೇರೆ.

ಸ್ಲ್ಯಾಬ್ ಕಾಂಪೌಂಡ್ ಇಳಿಜಾರಿನಲ್ಲಿ ಮೆಟ್ಟಿಲಾಗಿಯೇ ಬರಬೇಕು, ಬೇರೆ ದಾರಿ ಇಲ್ಲ. ಸ್ಲ್ಯಾಬ್ ಆಯತಾಕಾರ, ಕಂಬದ ಗಾಡಿ (ಸ್ಲ್ಯಾಬ್ ಇಳಿಸುವ ಸೀಳು) ನೇರ. ಕಂಬ ತೂಗುಗುಂಡು ಹಿಡಿದು ಲಂಬವಾಗಿ ನಿಲ್ಲಬೇಕು, ಸ್ಲ್ಯಾಬ್ ರಸಮಟ್ಟ ಇಟ್ಟು ನೋಡಿದರೆ ಸಮ ಇರಬೇಕು. ಒಂದು ಅಂಕಣದಿಂದ (ಎರಡು ಕಂಬದ ನಡುವಿನ ಭಾಗ) ಮುಂದಿನ ಅಂಕಣಕ್ಕೆ ಇಷ್ಟಿಷ್ಟು ಅಂತ ಕೆಳಗೆ ಇಳಿಸಿಕೊಂಡು ಹೋಗಬೇಕು.

ಇಲ್ಲಿ ಎಲ್ಲರೂ ಮರೆಯುವ ವಿಷಯ ಕಂಬದ ಉದ್ದ. ಎರಡು ಅಂಕಣದ ನಡುವಿನ ಕಂಬಕ್ಕೆ ಎರಡು ಕೆಲಸ. ಮೇಲಿನ ಅಂಕಣದ ತುದಿಯನ್ನೂ ಹಿಡಿಯಬೇಕು, ಕೆಳಗಿನ ಅಂಕಣದ ಬುಡವನ್ನೂ ಹಿಡಿಯಬೇಕು. ಅಂದರೆ ನೆಲದ ಮೇಲೆ 5 ಅಡಿ ಇದ್ದರೆ ಸಾಲದು. 5 ಅಡಿಗೆ ಒಂದು ಮೆಟ್ಟಿಲಿನ ಎತ್ತರ ಸೇರಿಸಿ, ಅದಕ್ಕೆ ನೆಲದೊಳಗೆ ಹೋಗುವ ಭಾಗ ಸೇರಿಸಬೇಕು. ಮಟ್ಟದ ಜಾಗದ 7 ಅಡಿ ಕಂಬಗಳನ್ನೇ ತಂದು ಇಳಿಜಾರಿಗೆ ಹಾಕಿದರೆ ಗುಂಡಿ ಆಳ ಕಡಿಮೆ ಮಾಡದೆ ಬೇರೆ ದಾರಿ ಇರುವುದಿಲ್ಲ. ಒಂದೂವರೆ ಅಡಿ ಹೂತ ಕಂಬ ಮಳೆಗಾಲ ಕಳೆಯುವಷ್ಟರಲ್ಲಿ ವಾಲಿರುತ್ತದೆ.

ಒಟ್ಟು ಎಷ್ಟು ಅಡಿ ಇಳಿಯುತ್ತದೆ ಅಂತ ಅಳೆದು ಹೇಳಿ ಅಕ್ಕ, ಆಮೇಲೆ ಲೆಕ್ಕ ಹೇಳುತ್ತೇನೆ.

ಮೈದಾನದವ

ನಾನು ಮಂಡ್ಯ ಕಡೆಯವನು, ನಮ್ಮಲ್ಲಿ ಈ ತೊಂದರೆ ಇಲ್ಲ. ಆದರೂ ಕೇಳುತ್ತೇನೆ. ಕಂಬ ನೇರ ಇಟ್ಟುಕೊಂಡು ಸ್ಲ್ಯಾಬನ್ನೇ ಸ್ವಲ್ಪ ಓರೆಯಾಗಿ ಇಳಿಸಿದರೆ ಆಗಲ್ವಾ? ನೆಲದ ಜೊತೆಗೇ ಹೋಗುತ್ತದಲ್ಲ, ಕೆಳಗೆ ಸಂದು ಉಳಿಯುವುದಿಲ್ಲ.

ಕಂಬದ ಕೆಲಸ

ಆಗುವುದಿಲ್ಲ ಅಣ್ಣ. 7 ಅಡಿ ಉದ್ದ, ಒಂದಡಿ ಎತ್ತರ, 2 ಇಂಚು ದಪ್ಪದ ಒಂದು ಸ್ಲ್ಯಾಬ್ ಹೆಚ್ಚುಕಡಿಮೆ 80 ಕೆಜಿ ತೂಗುತ್ತದೆ. ಅಂಥ ಐದು ಸ್ಲ್ಯಾಬ್ ಓರೆಯಾಗಿ ಕೂತರೆ ಭಾರವೆಲ್ಲ ಕೆಳಗಿನ ಕಂಬವನ್ನು ತಳ್ಳುತ್ತಾ ಇರುತ್ತದೆ. ಜೊತೆಗೆ ಓರೆ ಇಟ್ಟಾಗ ಸ್ಲ್ಯಾಬಿನ ಒಂದು ಮೂಲೆ ಮಾತ್ರ ಗಾಡಿಯೊಳಗೆ ಪೂರ್ತಿ ಕೂರುತ್ತದೆ, ಇನ್ನೊಂದು ಮೂಲೆ ಹೊರಗೆ ಬಂದಿರುತ್ತದೆ. ಒಂದೆರಡು ಇಂಚು ಓರೆ ಆದರೆ ಹೇಗೋ ನಡೆಯುತ್ತದೆ. ಅದಕ್ಕಿಂತ ಜಾಸ್ತಿ ಬೇಡ.

ಹಳೇ ಮೋಜಿಣಿ

ಸರ್ವೆ ಕೆಲಸದಲ್ಲಿದ್ದು ನಿವೃತ್ತನಾದವನು ನಾನು. ಕಾಂಪೌಂಡ್ ಹಾಕುವ ಮೊದಲು ಗಡಿ ಖಚಿತ ಮಾಡಿಕೊಳ್ಳಮ್ಮ. ಹಳೆಯ ಬೇಲಿ ಇದ್ದ ಜಾಗವೇ ಗಡಿ ಅಂತ ನಂಬಬೇಡ. ಮಲೆನಾಡಿನಲ್ಲಿ ಬೇಲಿ ವರ್ಷ ವರ್ಷ ಸರಿದಾಡುತ್ತದೆ. ಹದ್ದುಬಸ್ತಿಗೆ, ಅಂದರೆ ಸರ್ವೆಯವರು ಬಂದು ಗಡಿ ಅಳೆದು ಗುರುತಿಸುವುದಕ್ಕೆ, ಅರ್ಜಿ ಕೊಟ್ಟು, ಪಕ್ಕದ ಹಿಡುವಳಿದಾರರ ಎದುರಿಗೇ ಕಲ್ಲು ಹಾಕಿಸಿಕೊ. ಮುಳ್ಳುತಂತಿ ಆದರೆ ನಾಳೆ ಸರಿಸಬಹುದು, ಸಿಮೆಂಟ್ ಕಂಬ ಸರಿಸುವುದು ಕಷ್ಟ. ಕೆಳಗೆ ಹಳ್ಳ ಇದೆ ಅಂದೆಯಲ್ಲ, ಪಹಣಿಯಲ್ಲಿ ಖರಾಬು ಕಾಲಂ ನೋಡು. ಹಳ್ಳದ ಜಾಗ ಸಾಮಾನ್ಯವಾಗಿ ಬಿ ಖರಾಬು ಆಗಿರುತ್ತದೆ, ಅಂದರೆ ಸರ್ಕಾರದ್ದು. ಅಲ್ಲಿಗೆ ಕಾಂಪೌಂಡ್ ಒಯ್ಯುವಂತಿಲ್ಲ.

ಇನ್ನು ಅಳತೆ. ನಕ್ಷೆಯಲ್ಲಿರುವ ಉದ್ದ ಮಟ್ಟದ ಉದ್ದ, ಇಳಿಜಾರಿನ ಮೇಲೆ ಟೇಪು ಹಾಸಿ ಅಳೆದ ಉದ್ದ ಅಲ್ಲ. ನಾವು ಸರಪಳಿಯಲ್ಲಿ ಅಳೆಯುವಾಗ ಇಳಿಜಾರಿನಲ್ಲಿ ಸರಪಳಿಯ ತುಂಡನ್ನು ಮಟ್ಟವಾಗಿ ಎಳೆದು ಹಿಡಿದು, ತುದಿಯಿಂದ ಗುಂಡು ಬಿಟ್ಟು, ಗುಂಡು ಮುಟ್ಟಿದ ಜಾಗದಿಂದ ಮತ್ತೆ ಮುಂದಿನ ತುಂಡು ಅಳೆಯುತ್ತಿದ್ದೆವು. ನೀವೂ ಹಾಗೇ ಮಾಡಿ. ಒಂದು 7 ಅಡಿಯ ನೇರವಾದ ರೀಪು ತೆಗೆದುಕೊಂಡು, ಮೇಲಿನ ತುದಿ ನೆಲಕ್ಕೆ ತಾಗಿಸಿ, ಮೇಲೆ ರಸಮಟ್ಟ ಇಟ್ಟು ಸಮ ಮಾಡಿ. ಕೆಳಗಿನ ತುದಿಯಿಂದ ಗುಂಡು ಬಿಡಿ. ಗುಂಡು ಮುಟ್ಟಿದ ಜಾಗ ಮುಂದಿನ ಕಂಬದ ಜಾಗ. ರೀಪಿನಿಂದ ನೆಲಕ್ಕೆ ಎಷ್ಟು ಇಂಚು ಅಂತ ಅಳೆದರೆ ಅದೇ ಆ ಅಂಕಣದ ಇಳಿತ. ಪುಸ್ತಕದಲ್ಲಿ ಸಾಲಾಗಿ ಬರೆದುಕೊಂಡು ಹೋಗಿ. ಒಟ್ಟು ಇಳಿತವನ್ನು ಆಮೇಲೆ ಮೇಸ್ತ್ರಿಗಳ ಟ್ಯೂಬ್ ಲೆವೆಲ್‌ನಲ್ಲಿ ಇನ್ನೊಂದು ಸಲ ನೋಡಿ. ಪೈಪಿನಲ್ಲಿ ಗಾಳಿಗುಳ್ಳೆ ಉಳಿಯಬಾರದು, ಉಳಿದರೆ ಮಟ್ಟ ತಪ್ಪು ತೋರಿಸುತ್ತದೆ.

ತುಂಗಾತೀರ

ಹಳೇ ಮೋಜಿಣಿ ಸಾರ್, ತುಂಬಾ ಉಪಕಾರ ಆಯಿತು. ಹದ್ದುಬಸ್ತಿಗೆ ಅರ್ಜಿ ಹಾಕುತ್ತಿದ್ದೇವೆ. ಭಾನುವಾರ ನಾನು, ತಮ್ಮ ಸೇರಿ ನೀವು ಹೇಳಿದ ಹಾಗೇ ರೀಪು ಹಿಡಿದು ಅಳೆದೆವು. 7 ಅಡಿಯ 17 ಅಂಕಣ ಬರುತ್ತದೆ, ಅಂದರೆ 119 ಅಡಿ. ಒಟ್ಟು ಇಳಿತ 18 ಅಡಿ. ಆದರೆ ಒಂದೇ ಸಮ ಇಳಿಯುವುದಿಲ್ಲ. ರಸ್ತೆಯಿಂದ ಮೊದಲ 8 ಅಂಕಣದಲ್ಲಿ ಬರೀ 4 ಅಡಿ ಇಳಿಯುತ್ತದೆ. ಆಮೇಲೆ ಮನೆ ಹಿಂದಿನಿಂದ ಕಡಿದಾಗಿ, ಉಳಿದ 9 ಅಂಕಣದಲ್ಲಿ 14 ಅಡಿ ಇಳಿಯುತ್ತದೆ. ಕೆಳಗೆ ಹೋಗಿ ನಿಂತು ನೋಡಿದಾಗಲೇ ಇಷ್ಟು ವ್ಯತ್ಯಾಸ ಇದೆ ಅಂತ ಗೊತ್ತಾಗಿದ್ದು.

ಸಿವಿಲ್ ಮೇಷ್ಟ್ರು

ಚೆನ್ನಾಗಿ ಅಳೆದಿದ್ದೀರಿ. ಇದೇ ಮುಖ್ಯ. 18 ಅಡಿಯನ್ನು 17 ಅಂಕಣಕ್ಕೆ ಸಮವಾಗಿ ಹಂಚಿದ್ದರೆ ಒಂದೊಂದಕ್ಕೆ ಹೆಚ್ಚುಕಡಿಮೆ 13 ಇಂಚು ಬರುತ್ತಿತ್ತು. ಹಾಗೆ ಹಾಕಿದ್ದರೆ ಮೇಲ್ಭಾಗದ ಸ್ಲ್ಯಾಬ್‌ಗಳು ನೆಲದೊಳಗೆ ಹೂತುಕೊಳ್ಳುತ್ತಿದ್ದವು, ನಡುವೆ ನೆಲ ತಿರುಗುವ ಕಡೆ ಕಾಂಪೌಂಡ್ ನಾಲ್ಕು ಅಡಿಗಿಂತ ಜಾಸ್ತಿ ಹೂತು ಹೋಗುತ್ತಿತ್ತು. ನೆಲ ಎಲ್ಲಿ ತಿರುಗುತ್ತದೋ ಅಲ್ಲಿ ಲೆಕ್ಕವೂ ತಿರುಗಬೇಕು.

ಮೇಲಿನ 8 ಅಂಕಣಕ್ಕೆ 4 ಅಡಿ ಅಂದರೆ ಒಂದೊಂದಕ್ಕೆ 6 ಇಂಚು. ಕಂಬ ನೆಲದ ಮೇಲೆ 5 ಅಡಿ, ಮೆಟ್ಟಿಲಿಗೆ ಅರ್ಧ ಅಡಿ, ನೆಲದೊಳಗೆ 2 ಅಡಿ. ಏಳೂವರೆ ಅಡಿ ಕಂಬ ಸಾಕು, 8 ಅಡಿ ಸಿಕ್ಕರೆ ಇನ್ನೂ ಒಳ್ಳೆಯದು. ಕೆಳಗಿನ 9 ಅಂಕಣಕ್ಕೆ 14 ಅಡಿ ಅಂದರೆ ಒಂದೊಂದಕ್ಕೆ ಸುಮಾರು 19 ಇಂಚು. ಅಲ್ಲಿ ನೆಲದೊಳಗೆ ಎರಡೂವರೆ ಅಡಿಯಾದರೂ ಬೇಕು. ಲೆಕ್ಕ 9 ಅಡಿ ದಾಟುತ್ತದೆ. 5 ಇಂಚು ಚೌಕದ ಅಂಥ ಕಂಬ 100 ಕೆಜಿಗಿಂತ ಜಾಸ್ತಿ ಭಾರ, ಅದನ್ನು ಕಡಿದಾದ ಜಾಗದಲ್ಲಿ ಹೊತ್ತುಕೊಂಡು ಇಳಿಯುವ ಆಳುಗಳ ಕಾಲಿನ ಬಗ್ಗೆಯೂ ಯೋಚಿಸಬೇಕು.

ಒಂದು ಮಾತು ಸೇರಿಸುತ್ತೇನೆ. ಗುಂಡಿಯ ಆಳವನ್ನು ಯಾವಾಗಲೂ ಇಳಿಜಾರಿನ ಕೆಳಗಿನ ಅಂಚಿನಿಂದ ಅಳೆಯಿರಿ. ಮೇಲಿನ ಅಂಚಿನಿಂದ 2 ಅಡಿ ಅಂತ ಅಳೆದರೆ ಕೆಳಗಿನ ಕಡೆ ಕಂಬವನ್ನು ಹಿಡಿದಿರುವ ಮಣ್ಣು ಅದಕ್ಕಿಂತ ಕಡಿಮೆ ಇರುತ್ತದೆ. ಕಂಬ ವಾಲುವುದು ಆ ಕಡೆಗೇ.

ಬೆಟ್ಟದ ಮನೆ

ಸಕಲೇಶಪುರದಿಂದ. ನಮ್ಮ ಕಾಫಿ ತೋಟದ ಗಡಿ ಇದಕ್ಕಿಂತ ಕಡಿದು. ನನ್ನ ಅಭಿಪ್ರಾಯ ನೇರವಾಗಿ ಹೇಳುತ್ತೇನೆ, ಕೆಳಗಿನ 9 ಅಂಕಣಕ್ಕೆ ಸ್ಲ್ಯಾಬ್ ಬೇಡವೇ ಬೇಡ. 7 ಅಡಿಗೆ 19 ಇಂಚು ಇಳಿಯುವ ಕಡೆ ಪ್ರತಿ ಅಂಕಣದ ಕೆಳಗೂ ಒಂದೂವರೆ ಅಡಿಯ ತ್ರಿಕೋನದ ಸಂದು ಉಳಿಯುತ್ತದೆ. ಹಂದಿಗೆ ಬೇಕಾಗಿರುವುದು ಅದೇ. ಅದನ್ನು ಮುಚ್ಚುವ ಕೆಲಸವೇ ಕಾಂಪೌಂಡಿನಷ್ಟು ಖರ್ಚಾಗುತ್ತದೆ.

ಅಲ್ಲಿ ಚೈನ್ ಲಿಂಕ್ ಜಾಲರಿ ಹಾಕಿ. ಜಾಲರಿಗೆ ಬಾಗುವ ಗುಣ ಇದೆ, ನೆಲ ಹೇಗೆ ಹೋಗುತ್ತದೋ ಹಾಗೆ ಹೋಗುತ್ತದೆ. ಆದರೆ ಇದಕ್ಕೂ ಕ್ರಮ ಇದೆ. ಮಟ್ಟದ ಜಾಗದಲ್ಲಿ ಎಳೆದ ಹಾಗೆ ಸುರುಳಿ ಬಿಚ್ಚಿ ಸುಮ್ನೆ ಎಳೆದರೆ ಮೇಲ್ಭಾಗ ಬಿಗಿಯಾಗಿ ಬುಡ ಸುಕ್ಕಾಗುತ್ತದೆ. ಜಾಲರಿಯ ತುದಿ ಕಂಬಕ್ಕೆ ಸಮಾನಾಂತರವಾಗಿ ನಿಲ್ಲಬೇಕು ಅಂದರೆ ತುದಿಯನ್ನು ಓರೆಯಾಗಿ ಕತ್ತರಿಸಿಕೊಳ್ಳಬೇಕು. ಕಣ್ಣುಗಳು ಇಳಿಜಾರಿನ ಕಡೆಗೆ ವಾಲಿದ ಹಾಗೆ ಕಾಣುತ್ತವೆ, ಅದು ಸರಿಯೇ. ಜೋಡಿಸುವಾಗ ಒಂದು ತಂತಿಯನ್ನು ತಿರುಗಿಸುತ್ತಾ ಎಳೆದರೆ ಸ್ಕ್ರೂ ಬಿಚ್ಚಿದ ಹಾಗೆ ಹೊರಗೆ ಬರುತ್ತದೆ, ಎರಡು ತುಂಡನ್ನು ಅದೇ ತಂತಿಯಿಂದ ಮತ್ತೆ ಹೆಣೆಯಬಹುದು. ಕಟ್ಟುತಂತಿಯಲ್ಲಿ ಬಿಗಿದ ಜೋಡಣೆಗಿಂತ ಇದು ಎಷ್ಟೋ ಗಟ್ಟಿ.

ಮೇಲೆ, ನಡುವೆ, ಬುಡದಲ್ಲಿ ಮೂರು ಎಳೆ ದಪ್ಪ ತಂತಿ ಮೊದಲು ಎಳೆದು ಬಿಗಿ ಮಾಡಿ, ಆಮೇಲೆ ಜಾಲರಿ ಕಟ್ಟಬೇಕು. ಇಳಿಜಾರು ಬದಲಾಗುವ ಕಂಬಗಳಿಗೆ ಮಾತ್ರ ವಿಶೇಷ ಗಮನ ಬೇಕು. ದಿಬ್ಬದ ಮೇಲಿನ ಕಂಬವನ್ನು ತಂತಿ ಕೆಳಗೆ ಒತ್ತುತ್ತದೆ, ಅಲ್ಲಿ ಚಿಂತೆಯಿಲ್ಲ. ತಗ್ಗಿನಲ್ಲಿರುವ ಕಂಬವನ್ನು ತಂತಿ ಮೇಲಕ್ಕೆ ಎತ್ತುತ್ತದೆ. ತಂತಿ ಬಿಗಿಯಾದಷ್ಟೂ ಕಂಬ ಗುಂಡಿಯಿಂದ ಕಿತ್ತು ಬರಲು ನೋಡುತ್ತದೆ. ಹಾಗಾಗಿ ತಗ್ಗಿನ ಕಂಬವನ್ನು ಬರೀ ಮಣ್ಣು ತುಳಿದು ನಿಲ್ಲಿಸಬೇಡಿ. ಮೂರಡಿ ಗುಂಡಿ ತೆಗೆದು, ಬುಡ ಅಗಲ ಮಾಡಿ, ಕಾಂಕ್ರೀಟ್ ತುಂಬಿ.

ಕಂಬದ ಕೆಲಸ

ಬೆಟ್ಟದ ಮನೆಯವರು ಹೇಳಿದ್ದನ್ನು ಮುಕ್ಕಾಲು ಭಾಗ ಒಪ್ಪುತ್ತೇನೆ. ಕಾಲು ಭಾಗ ಹಂದಿ ವಿಷಯ. ಜಾಲರಿಯನ್ನು ನೆಲಕ್ಕೆ ತಾಗಿಸಿ ಬಿಟ್ಟರೆ ಹಂದಿ ಮೂತಿ ಹಾಕಿ ಎತ್ತುತ್ತದೆ. ಬುಡದ ತಂತಿ ಎಷ್ಟು ಬಿಗಿ ಇದ್ದರೂ ಎರಡು ಕಂಬದ ನಡುವೆ ಅಷ್ಟು ಬಾಗುತ್ತದೆ. ಮುಳ್ಳುಹಂದಿಯಾದರೆ ಕೆಳಗೇ ಅಗೆದು ಒಳಗೆ ಬರುತ್ತದೆ. ಜಾಲರಿಯ ಬುಡವನ್ನು ಒಂದಡಿ ಹೂಳಬೇಕು, ಇಲ್ಲದಿದ್ದರೆ ಬುಡದುದ್ದಕ್ಕೂ ಕಾಡುಕಲ್ಲು ಒತ್ತಾಗಿ ಜೋಡಿಸಬೇಕು. ಹೂಳುವುದಾದರೆ 5 ಅಡಿಯ ಬದಲು 6 ಅಡಿ ಅಗಲದ ಜಾಲರಿ ತೆಗೆದುಕೊಳ್ಳಿ. ಮಣ್ಣಿನೊಳಗಿನ ಜಾಲರಿ ಬೇಗ ತುಕ್ಕು ಹಿಡಿಯುತ್ತದೆ, ಅದಕ್ಕೆ ಕಡಿಮೆ ಗೇಜಿನ, ಅಂದರೆ ದಪ್ಪ ತಂತಿಯ ಜಾಲರಿಯನ್ನೇ ಕೇಳಿ. ಗೇಜ್ ನಂಬರ್ ಕಡಿಮೆಯಾದಷ್ಟೂ ತಂತಿ ದಪ್ಪ, ಅಂಗಡಿಯಲ್ಲಿ ಇದು ನೆನಪಿರಲಿ.

ಚಿರೆಕಲ್ಲು

ಪುತ್ತೂರು ಕಡೆಯಿಂದ ನಮಸ್ಕಾರ ಮಾರಾಯ್ರೆ. ಮೇಲಿನ 8 ಅಂಕಣಕ್ಕೆ 6 ಇಂಚಿನ ಸಂದು ಮುಚ್ಚುವುದು ದೊಡ್ಡ ವಿಷಯ ಅಲ್ಲ. ನಮ್ಮಲ್ಲಿ ಕೆಂಪುಕಲ್ಲು ಸುಲಭವಾಗಿ ಸಿಗುತ್ತದೆ. ಕಂಬ ನಿಂತ ಮೇಲೆ ಸ್ಲ್ಯಾಬ್ ಇಳಿಸುವ ಮೊದಲು ಎರಡು ಕಂಬದ ನಡುವೆ ಒಂದು ಸಾಲು ಕೆಂಪುಕಲ್ಲು ಮಟ್ಟವಾಗಿ ಕಟ್ಟಿ, ಮೇಲೆ ತೆಳ್ಳಗೆ ಸಿಮೆಂಟ್ ಹಾಕಿ, ಅದರ ಮೇಲೆ ಮೊದಲ ಸ್ಲ್ಯಾಬ್ ಕೂರಿಸುತ್ತೇವೆ. ಆಗ ಮೆಟ್ಟಿಲು ಸ್ಲ್ಯಾಬಿನ ಎತ್ತರಕ್ಕೇ ಹೊಂದಬೇಕು ಅನ್ನುವ ಕಟ್ಟುಪಾಡೂ ಇರುವುದಿಲ್ಲ. ಗಾಡಿ ಕಂಬದುದ್ದಕ್ಕೂ ಇರುತ್ತದೆ, ಯಾವ ಎತ್ತರದಲ್ಲಿ ಬೇಕಾದರೂ ಸ್ಲ್ಯಾಬ್ ನಿಲ್ಲಿಸಬಹುದು, ಕೆಳಗೆ ಆಧಾರ ಗಟ್ಟಿ ಇದ್ದರೆ ಸಾಕು.

ಇನ್ನೊಂದು ಉಪಾಯ. ಅಂಕಣದ ಮೇಲಿನ ತುದಿಯಲ್ಲಿ ಮೂರು ಇಂಚು ನೆಲ ಕೆತ್ತಿ ಸ್ಲ್ಯಾಬ್ ಕೂರಿಸಿದರೆ ಕೆಳಗಿನ ತುದಿಯ ಸಂದು 6 ಇಂಚಿನಿಂದ 3 ಇಂಚಿಗೆ ಇಳಿಯುತ್ತದೆ. ಅಷ್ಟನ್ನು ಜಲ್ಲಿ ಕಾಂಕ್ರೀಟಿನಲ್ಲೇ ತುಂಬಬಹುದು.

ಮಡಿಕೇರಿ ಮಳೆ

ಇಷ್ಟು ಹೊತ್ತು ಎಲ್ಲರೂ ಕಂಬ, ಸ್ಲ್ಯಾಬ್, ಹಂದಿ ಅಂತ ಮಾತಾಡಿದ್ದೀರಿ. ನೀರಿನ ಮಾತೇ ಬರಲಿಲ್ಲ. ನನಗೆ ಇದು ಎಲ್ಲಕ್ಕಿಂತ ದೊಡ್ಡ ವಿಷಯ. 2018ರ ಆಗಸ್ಟ್‌ನಲ್ಲಿ ಕೊಡಗಿನಲ್ಲಿ ಏನಾಯಿತು ಅಂತ ಎಲ್ಲರಿಗೂ ಗೊತ್ತು. ಆಮೇಲಿಂದ ನಮ್ಮ ಕಡೆ ಇಳಿಜಾರಿನಲ್ಲಿ ಗುದ್ದಲಿ ಹಾಕುವ ಮುಂಚೆ ನೀರು ಎಲ್ಲಿಂದ ಬರುತ್ತದೆ, ಎಲ್ಲಿಗೆ ಹೋಗುತ್ತದೆ ಅಂತ ಕೇಳಿಕೊಳ್ಳುತ್ತೇವೆ.

ಲೆಕ್ಕ ನೋಡಿ. ಒಂದು ದಿನ 100 ಮಿಲಿಮೀಟರ್ ಮಳೆ ಬಿದ್ದರೆ ಒಂದು ಗುಂಟೆ ಜಾಗದ ಮೇಲೆ ಸುಮಾರು 10 ಸಾವಿರ ಲೀಟರ್ ನೀರು ಬಿದ್ದಿರುತ್ತದೆ. 20 ಗುಂಟೆಗೆ 2 ಲಕ್ಷ ಲೀಟರ್. ಕೊಪ್ಪ, ಶೃಂಗೇರಿ ಕಡೆ ಜುಲೈನಲ್ಲಿ ಅಂಥ ದಿನ ಅಪರೂಪ ಅಲ್ಲ. ನೆಲ ಆಗಲೇ ನೆನೆದಿರುತ್ತದೆ, ಹೀರುವುದು ಕಡಿಮೆ, ಹರಿಯುವುದೇ ಜಾಸ್ತಿ. ರಸ್ತೆಯ ನೀರೂ ನಿಮ್ಮ ಜಾಗಕ್ಕೇ ಇಳಿಯುತ್ತಿದ್ದರೆ ಅದೂ ಸೇರುತ್ತದೆ.

ರಸ್ತೆಯಿಂದ ಹಳ್ಳಕ್ಕೆ ಸೀದಾ ಇಳಿಯುವ ಕಾಂಪೌಂಡ್ ನೀರನ್ನು ತಡೆಯುವುದಿಲ್ಲ, ನಿಜ. ಆದರೆ ನೀರು ಕಾಂಪೌಂಡಿನ ಬುಡ ಹಿಡಿದು ಹರಿಯಲು ಶುರು ಮಾಡುತ್ತದೆ. ಒಂದೇ ಗೆರೆಯಲ್ಲಿ ಹರಿದು ಹರಿದು ಕಂಬದ ಬುಡದ ಮಣ್ಣು ಕೊಚ್ಚಿಕೊಂಡು ಹೋಗುತ್ತದೆ. ನಮ್ಮ ಹತ್ತಿರದ ಒಂದು ಮನೆಯಲ್ಲಿ ಇಂಥದೇ ಕಾಂಪೌಂಡಿನ ಕಂಬಗಳ ಕಾಂಕ್ರೀಟ್ ಗಡ್ಡೆಗಳು ಪೂರ್ತಿ ಹೊರಗೆ ಕಾಣುವಷ್ಟು ಕೊರೆದಿತ್ತು. ಅದಕ್ಕೆ ಕಾಂಪೌಂಡಿನಿಂದ ಮೂರು ನಾಲ್ಕು ಅಡಿ ಒಳಗೆ ಬೇರೆ ಚರಂಡಿ ತೆಗೆದು, ಕಡಿದಾದ ಕಡೆ ತಳಕ್ಕೆ ಕಲ್ಲು ಹಾಸಿ, ಅಲ್ಲಲ್ಲಿ ಸಣ್ಣ ಕಲ್ಲಿನ ತಡೆ ಇಟ್ಟು, ನೀರನ್ನು ವೇಗ ತಗ್ಗಿಸಿ ಹಳ್ಳಕ್ಕೆ ಬಿಡಿ. ಕಂಬಕ್ಕಿಂತ ಮೊದಲು ಚರಂಡಿ. ಇದನ್ನು ಎಷ್ಟು ಸಲ ಹೇಳಿದರೂ ನನಗೆ ಸಾಕೆನಿಸುವುದಿಲ್ಲ.

ತುಂಗಾತೀರ

ಮಡಿಕೇರಿಯವರೇ, ಇದು ನಮ್ಮ ತಲೆಗೇ ಬಂದಿರಲಿಲ್ಲ. ರಸ್ತೆಯ ನೀರು ನಮ್ಮ ಜಾಗದ ಮೂಲೆಯಿಂದಲೇ ಇಳಿಯುತ್ತದೆ. ಈಗ ಇನ್ನೊಂದು ಪ್ರಶ್ನೆ. ಮನೆ ಹಿಂದೆ ಇಳಿಜಾರಿಗೆ ಅಡ್ಡವಾಗಿ ಸುಮಾರು 40 ಅಡಿ ಉದ್ದದ ಧರೆ ಇದೆ, 4 ಅಡಿ ಎತ್ತರ. ಅಲ್ಲಿ ಮಣ್ಣು ಸ್ವಲ್ಪ ಸ್ವಲ್ಪ ಜರಿಯುತ್ತಿದೆ. ಇದೇ ಸ್ಲ್ಯಾಬ್ ಕಾಂಪೌಂಡನ್ನು ಅಲ್ಲಿ ನಿಲ್ಲಿಸಿ ಹಿಂದೆ ಮಣ್ಣು ತುಂಬಿಬಿಡಿ, ಅಂಗಳವೂ ಅಗಲ ಆಗುತ್ತದೆ ಅಂತ ಒಬ್ಬರು ಹೇಳಿದರು. ಮಾಡಬಹುದಾ?

ಸಿವಿಲ್ ಮೇಷ್ಟ್ರು

ಖಂಡಿತ ಬೇಡ. 2 ಇಂಚಿನ ಸ್ಲ್ಯಾಬ್ ತನ್ನ ಭಾರ ಹೊತ್ತುಕೊಂಡು ಗಾಳಿ ತಡೆಯುವುದಕ್ಕೆ ಮಾಡಿದ್ದು, ಮಣ್ಣು ಹಿಡಿಯುವುದಕ್ಕೆ ಅಲ್ಲ. ಹಿಂದೆ ತುಂಬಿದ ಮಣ್ಣಿನ ಎತ್ತರ ಎರಡು ಪಟ್ಟಾದರೆ ಅದು ತಳ್ಳುವ ಬಲ ನಾಲ್ಕು ಪಟ್ಟಾಗುತ್ತದೆ. ಕಂಬವನ್ನು ಬುಡದಲ್ಲಿ ಮುರಿಯಲು ನೋಡುವ ಒತ್ತಡ ಎಂಟು ಪಟ್ಟಾಗುತ್ತದೆ. ಒಂದಡಿ ಮಣ್ಣು ಹಿಡಿದು ನಿಂತ ಕಾಂಪೌಂಡ್ ನಾಲ್ಕಡಿಯೂ ಹಿಡಿಯುತ್ತದೆ ಅಂತ ಅಂದುಕೊಳ್ಳುವುದು ಅಪಾಯ. ಅದರ ಮೇಲೆ ಮಳೆಗಾಲದಲ್ಲಿ ಮಣ್ಣಿನೊಳಗೆ ನೀರು ನಿಂತರೆ ನೀರಿನ ಒತ್ತಡ ಬೇರೆ ಸೇರುತ್ತದೆ. ಗೋಡೆಗಳು ಜುಲೈ, ಆಗಸ್ಟ್‌ನಲ್ಲಿ ಬೀಳುವುದು ಇದೇ ಕಾರಣಕ್ಕೆ. ಬೀಳುವ ಜಾಗದಲ್ಲಿ ಮಕ್ಕಳು, ದನಕರು ಇದ್ದರೆ ಏನಾಗಬಹುದು ಯೋಚಿಸಿ.

ಧರೆಗೆ ಬೇಕಾಗಿರುವುದು ಕಲ್ಲಿನ ತಡೆಗೋಡೆ. ಬುಡ ಅಗಲ, ಮೇಲೆ ಬರುತ್ತಾ ಕಿರಿದು, ಮುಖ ಸ್ವಲ್ಪ ಧರೆಯ ಕಡೆಗೆ ವಾಲಿದ ಹಾಗೆ. ಗಾರೆಯಿಲ್ಲದೆ ಕಟ್ಟುವ ಒಣಕಲ್ಲಿನ ಗೋಡೆಯಾದರೆ ನೀರು ತಾನೇ ಹೊರಗೆ ಬರುತ್ತದೆ, ಮಲೆನಾಡಿನಲ್ಲಿ ಹಳಬರು ಕಟ್ಟಿದ ಅಂಥ ಗೋಡೆಗಳು ಇವತ್ತಿಗೂ ನಿಂತಿವೆ. ಸಿಮೆಂಟಿನಲ್ಲಿ ಕಟ್ಟಿಸುವುದಾದರೆ ನಡುನಡುವೆ ನೀರು ಹೊರಗೆ ಬರಲು ಪೈಪ್ ಬಿಡಲೇಬೇಕು, ಪೈಪಿನ ಹಿಂದೆ ಜಲ್ಲಿ ತುಂಬಬೇಕು, ಇಲ್ಲದಿದ್ದರೆ ಮಣ್ಣು ಬಂದು ಮುಚ್ಚಿಕೊಳ್ಳುತ್ತದೆ. 4 ಅಡಿಗಿಂತ ಎತ್ತರ ಇದ್ದರೆ ಅಥವಾ ಮನೆಯ ಪಾಯ ಹತ್ತಿರ ಇದ್ದರೆ, ಜಾಗಕ್ಕೆ ಬಂದು ನೋಡುವ ಇಂಜಿನಿಯರ್ ಒಬ್ಬರನ್ನು ಕರೆಸಿ. ಇಲ್ಲಿ ಬರೆದದ್ದನ್ನು ಓದಿಕೊಂಡು ಕಟ್ಟಿಸಬೇಡಿ.

ಲಾವಂಚ

ಶಿರಸಿಯಿಂದ. ನಮ್ಮ ಹಿರಿಯರು ಇಂಥ ಜಾಗಕ್ಕೆ ಸಿಮೆಂಟ್ ತಂದವರಲ್ಲ. ಅಗಳ ತೋಡಿ, ಅದರ ಮಣ್ಣನ್ನೇ ಒಳಗಡೆ ಏರಿ ಮಾಡಿ, ಏರಿಯ ಮೇಲೆ ಗಿಡ ಹಚ್ಚುತ್ತಿದ್ದರು. ಗ್ಲಿರಿಸಿಡಿಯಾ, ಲಕ್ಕಿ, ಹಾಲುವಾಣ ಇವೆಲ್ಲ ಗೂಟ ನೆಟ್ಟರೂ ಚಿಗುರುತ್ತವೆ. ನಾಲ್ಕೈದು ವರ್ಷದಲ್ಲಿ ಗಟ್ಟಿ ಬೇಲಿ ಆಗುತ್ತದೆ, ಸೊಪ್ಪು ತೋಟಕ್ಕೆ ಗೊಬ್ಬರ ಆಗುತ್ತದೆ, ಬೇರು ಮಣ್ಣು ಹಿಡಿಯುತ್ತದೆ. ಬರೀ ಗಿಡದ ಬೇಲಿ ಹಂದಿ ತಡೆಯುವುದಿಲ್ಲ, ಒಪ್ಪುತ್ತೇನೆ. ಜಾಲರಿ ಹಾಕಿ, ಅದರ ಒಳಗಡೆ ಗ್ಲಿರಿಸಿಡಿಯಾ ಗೂಟ ನೆಡಿ. ಧರೆಯ ಮೇಲಂಚಿನಲ್ಲಿ ಒಂದು ಸಾಲು ಲಾವಂಚ ಹಚ್ಚಿ. ಅದರ ಬೇರು ಅಡ್ಡ ಹರಡದೆ ಸೀದಾ ಆಳಕ್ಕೆ ಇಳಿಯುತ್ತದೆ, ಮಣ್ಣು ಜರಿಯುವ ಜಾಗಕ್ಕೆ ಅಂಥ ಹುಲ್ಲು ಬೇರೆ ಇಲ್ಲ. ಮಳೆ ಹಿಡಿಯುವ ಹೊತ್ತಿಗೆ ನೆಟ್ಟರೆ ಆ ವರ್ಷವೇ ಬೇರು ಬಿಡುತ್ತದೆ.

ಮೈದಾನದವ

ಹಂದಿಗೆ ಆದರೆ ಒಂದು ತಂತಿಗೆ ಕರೆಂಟ್ ಕೊಟ್ಟರೆ ಮುಗಿಯಿತಲ್ಲ, ಇಷ್ಟೆಲ್ಲ ಯಾಕೆ?

ಬೆಟ್ಟದ ಮನೆ

ದಯವಿಟ್ಟು ಆ ಮಾತು ಯಾರೂ ಆಡಬೇಡಿ. ಮನೆಯ ಕರೆಂಟನ್ನು ಬೇಲಿಗೆ ಕೊಡುವುದು ಅಪರಾಧ. ಅದರಿಂದ ಆನೆ ಸತ್ತಿವೆ, ದನ ಸತ್ತಿವೆ, ಬೇಲಿ ಹಾಕಿದವರ ಮನೆಯವರೇ ಸತ್ತಿದ್ದಾರೆ. ಸೋಲಾರ್ ಬೇಲಿ ಬೇರೆ. ಅದರಲ್ಲಿ ಯಂತ್ರ ಒಂದು ಕ್ಷಣದ ಹೊಡೆತ ಕೊಟ್ಟು ನಿಲ್ಲಿಸುತ್ತದೆ, ಪ್ರಾಣಿ ಹೆದರಿ ಹಿಂದೆ ಹೋಗುತ್ತದೆ. ಅದನ್ನು ಹಾಕಿದರೂ ಇಳಿಜಾರಿನಲ್ಲಿ ತಂತಿ ನೆಲದಿಂದ ಎಲ್ಲ ಕಡೆ ಒಂದೇ ಎತ್ತರದಲ್ಲಿ ಇರಬೇಕು. ತಗ್ಗು ಬಂದ ಕಡೆ ಹೆಚ್ಚುವರಿ ಗೂಟ ನೆಡಬೇಕು. ಹುಲ್ಲು ತಾಗಿದರೆ ಹೊಡೆತ ಕಡಿಮೆಯಾಗುತ್ತದೆ, ಮಳೆಗಾಲದಲ್ಲಿ ಕೆಳಗಿನ ಹುಲ್ಲು ಸವರುತ್ತಲೇ ಇರಬೇಕು.

ಮೈದಾನದವ

ಗೊತ್ತಾಯಿತು ಅಣ್ಣ. ಸೋಲಾರ್ ಮಾತೇ ನನ್ನ ಮನಸ್ಸಿನಲ್ಲಿದ್ದಿದ್ದು, ಬಿಡಿಸಿ ಹೇಳಿದ್ದು ಒಳ್ಳೆಯದಾಯಿತು.

ತುಂಗಾತೀರ

ಅಪ್ಪನಿಗೆ ಎಲ್ಲವನ್ನೂ ಓದಿ ಹೇಳಿದೆ. ಹೀಗೆ ಮಾಡೋಣ ಅಂದುಕೊಂಡಿದ್ದೇವೆ. ಮೊದಲು ಹದ್ದುಬಸ್ತು, ಆಮೇಲೆ ಚರಂಡಿ. ಮೇಲಿನ 8 ಅಂಕಣಕ್ಕೆ ಸ್ಲ್ಯಾಬ್, 8 ಅಡಿ ಕಂಬ, ಕೆಳಗೆ ಒಂದು ಸಾಲು ಕಲ್ಲು. ಕೆಳಗಿನ 63 ಅಡಿಗೆ ಜಾಲರಿ, ಬುಡ ಒಂದಡಿ ಹೂತು. ಧರೆಗೆ ಕಲ್ಲಿನ ಗೋಡೆ ಬೇರೆಯೇ, ಈ ವರ್ಷ ಆಗದಿದ್ದರೆ ಸದ್ಯಕ್ಕೆ ಲಾವಂಚ. ಇದರಲ್ಲಿ ಏನಾದರೂ ಬಿಟ್ಟುಹೋಗಿದೆಯಾ? ಯಾವಾಗ ಶುರು ಮಾಡುವುದು ಒಳ್ಳೆಯದು? ಮತ್ತೆ ಗೇಟು ಮೇಲೆ ರಸ್ತೆಯ ಕಡೆಗೇ ಬರುತ್ತದೆ, ರಸ್ತೆಯಿಂದ ಒಳಗೆ ಬರುವಾಗ ಮೊದಲು ಸ್ವಲ್ಪ ಏರು, ಆಮೇಲೆ ಇಳಿಜಾರು.

ಕಂಬದ ಕೆಲಸ

ಒಳ್ಳೆಯ ಯೋಜನೆ ಅಕ್ಕ. ಜಾಲರಿಯನ್ನು ಇಳಿಜಾರಿನ ಮೇಲೆ ಟೇಪು ಹಾಸಿ ಅಳೆದು ತರಿಸಿ. ನಿಮ್ಮ 63 ಅಡಿ ಇಳಿಜಾರಿನಲ್ಲಿ ಅರವತ್ತನಾಲ್ಕೂವರೆ ಅಡಿ ಆಗುತ್ತದೆ, ಅದರ ಮೇಲೆ ಓರೆ ಕತ್ತರಿಸುವುದಕ್ಕೆ, ಜೋಡಿಸುವುದಕ್ಕೆ ಇನ್ನೊಂದಿಷ್ಟು ಬೇಕು. 50 ಅಡಿಯ ಎರಡು ಸುರುಳಿ ತಂದರೆ ಧಾರಾಳ, ಉಳಿದದ್ದು ಹಿತ್ತಲಿಗೆ ಆಗುತ್ತದೆ.

ಸ್ಲ್ಯಾಬ್ ಮುಗಿದು ಜಾಲರಿ ಶುರುವಾಗುವ ಕಂಬ ಎಲ್ಲಕ್ಕಿಂತ ಗಟ್ಟಿ ಇರಬೇಕು. ಅದರ ಒಂದು ಕಡೆ ಸ್ಲ್ಯಾಬಿನ ಭಾರ, ಇನ್ನೊಂದು ಕಡೆ ತಂತಿಯ ಎಳೆತ. ತಂತಿ ಎಳೆಯುವ ಕಡೆಗೆ ಓರೆಯಾಗಿ ಒಂದು ಸಪೋರ್ಟ್ ಕಂಬ ಕೊಡಿಸಿ. ಹಳ್ಳದ ಹತ್ತಿರದ ಕೊನೆಯ ಕಂಬಕ್ಕೂ ಹಾಗೇ, ಅಲ್ಲಿ ಒಳಗಿನ ಕಡೆಗೆ.

ಕಾಂಕ್ರೀಟ್ ಲೆಕ್ಕ ಬೇಕಾದರೆ, ಒಂದಡಿ ಅಗಲ ಎರಡಡಿ ಆಳದ ಗುಂಡಿಗೆ 1:2:4 (ಸಿಮೆಂಟ್, ಮರಳು, ಜಲ್ಲಿ) ಮಿಶ್ರಣದಲ್ಲಿ ಸುಮಾರು ಕಾಲು ಚೀಲ ಸಿಮೆಂಟ್ ಹಿಡಿಯುತ್ತದೆ. ಒಂದು ಚೀಲಕ್ಕೆ ನಾಲ್ಕು ಗುಂಡಿ. ತಗ್ಗಿನ ಕಂಬಗಳಿಗೆ ಜಾಸ್ತಿ ಬೇಕು. ಗುಂಡಿಯ ಮೇಲೆ ಕಾಂಕ್ರೀಟನ್ನು ಕಂಬದಿಂದ ಹೊರಕ್ಕೆ ಇಳಿಜಾರು ಮಾಡಿಸಿ, ನೀರು ಕಂಬದ ಬುಡದಲ್ಲಿ ನಿಲ್ಲಬಾರದು. ಸ್ಲ್ಯಾಬ್ ಇಳಿಸುವ ಮೊದಲು ಒಂದು ವಾರ ಕಂಬ ಹಾಗೇ ನಿಲ್ಲಲಿ, ನೀರು ಹಾಕುತ್ತಿರಿ.

ದೀಪಾವಳಿ ಕಳೆದ ಮೇಲೆ ಶುರು ಮಾಡಿ. ಆಗ ಮಣ್ಣಿನಲ್ಲಿ ಹಸಿ ಇರುತ್ತದೆ, ಗುಂಡಿ ತೆಗೆಯುವುದು ಸುಲಭ, ಮಳೆಯ ಕಾಟ ಕಡಿಮೆ. ಫೆಬ್ರವರಿ, ಮಾರ್ಚ್ ಆದರೆ ನೆಲ ಗಟ್ಟಿಯಾಗಿ ಹಾರೆಗೂ ಜಗ್ಗುವುದಿಲ್ಲ. ಅಡಿಕೆ ಕೊಯ್ಲಿನ ಹೊತ್ತಿಗೆ ಆಳು ಸಿಗುವುದು ಕಷ್ಟ, ಅದನ್ನೂ ನೋಡಿಕೊಳ್ಳಿ. ಲಾರಿ ಮೇಲಿನ ರಸ್ತೆಗೇ ಬರುವುದರಿಂದ ಮಾಲು ಮೇಲೆ ಇಳಿಸಿ. ಆದರೆ ಧರೆಯ ಅಂಚಿನಲ್ಲಿ ಸ್ಲ್ಯಾಬ್ ಪೇರಿಸಬೇಡಿ.

ಗೇಟಿನ ಬಗ್ಗೆ. ಒಳಗೆ ಏರು ಇದ್ದರೆ ಒಳಕ್ಕೆ ತೆರೆಯುವ ಗೇಟು ಅರ್ಧಕ್ಕೇ ನೆಲಕ್ಕೆ ತಾಗಿ ನಿಲ್ಲುತ್ತದೆ. ಹೊರಗೆ ತೆರೆದರೆ ರಸ್ತೆಗೆ ಅಡ್ಡ. ಪಕ್ಕಕ್ಕೆ ಸರಿಯುವ ಗೇಟು ಹಾಕಿಸಬಹುದು, ಆದರೆ ಅದರ ಹಳಿಗೆ ರಸ್ತೆಯುದ್ದಕ್ಕೆ ಗೇಟಿನಷ್ಟೇ ಉದ್ದದ ಮಟ್ಟದ ಜಾಗ ಬೇಕು, ಹಳಿಯಲ್ಲಿ ಕೆಸರು ತುಂಬದ ಹಾಗೆ ನೋಡಿಕೊಳ್ಳಬೇಕು. ಜಾಗ ಇಲ್ಲದಿದ್ದರೆ ಗೇಟನ್ನು ರಸ್ತೆಯಿಂದ ಒಂದು ಗಾಡಿ ನಿಲ್ಲುವಷ್ಟು ಒಳಗೆ, ಏರು ಮುಗಿದ ಜಾಗದಲ್ಲಿ ನಿಲ್ಲಿಸಿ. ಆಗ ಒಳಗಡೆ ಇಳಿಜಾರು ಇರುವುದರಿಂದ ಒಳಕ್ಕೇ ಆರಾಮಾಗಿ ತೆರೆಯುತ್ತದೆ. ಅಷ್ಟು ಒಳಗೆ ಸರಿಸಲು ಜಾಗ ಇದೆಯಾ ಅಂತ ಒಂದು ಸಲ ಅಳೆದು ನೋಡಿ ಹೇಳಿ.

ತುಂಗಾತೀರ

ರಸ್ತೆಯಿಂದ ಏರು ಮುಗಿಯುವವರೆಗೆ 16 ಅಡಿ ಇದೆ. ನಮ್ಮ ಕಾರು, ಪಿಕಪ್ ಎರಡಕ್ಕೂ ಸಾಕಾಗುತ್ತದೆ. ಗೇಟು ಅಲ್ಲಿಗೇ ಹಾಕುತ್ತೇವೆ, ಆ 16 ಅಡಿಯ ಎರಡೂ ಪಕ್ಕಕ್ಕೆ ಜಾಲರಿ ಸಾಕು ಅಂತ ಅಪ್ಪನೂ ಒಪ್ಪಿದರು.